ಅಳುವ ಗಾಡಿಯನ್ನು ಎಲ್ಲಿ ಹಚ್ಚಬೇಕು?

ನನ್ನ ಕೈಗೆ ಒಂದು ಸ್ಕ್ರೂಡ್ರೈವರ್ ಸಿಕ್ಕರೆ ಸಾಕು, ಈ ಜಗತ್ತಿನಲ್ಲಿ ರಿಪೇರಿಯಾಗದ ವಸ್ತುವೇ ಇಲ್ಲ ಎಂಬುದು ನನ್ನ ದೃಢ ನಂಬಿಕೆ. ಮನೆಯ ಮಿಕ್ಸರ್, ಗೋಡೆ ಗಡಿಯಾರ, ನಮ್ಮ ಅತ್ತೆಯವರ ಕಿವಿಯ ಮಷೀನು, ಎಲ್ಲವೂ ನನ್ನ ಕೈಯಲ್ಲಿ ಹಾದುಹೋಗಿವೆ. ಅವು ಈಗ ಎಲ್ಲಿವೆ ಎಂದು ಮಾತ್ರ ಕೇಳಬೇಡಿ. ಹಾದುಹೋಗಿವೆ, ಅಷ್ಟೇ!

ಗೋಳಗುಮ್ಮಟದ ಎದುರಿನ ರಸ್ತೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಟೋಪಿ, ಕಪ್ಪು ಕನ್ನಡಕ, ಮಕ್ಕಳ ಪೀಪಿ ಮಾರುತ್ತೇನೆ. ಶಾಲೆಯ ಪ್ರವಾಸದ ಬಸ್ಸು ಬಂದ ದಿನ ಹಬ್ಬ, ಬರದ ದಿನ ನೊಣ ಹೊಡೆಯುವ ಕೆಲಸ. ಈ ವ್ಯಾಪಾರದಲ್ಲೇ ಉಳಿಸಿ, ಹೋದ ವರ್ಷ ಒಂದು ಹಳೆಯ ಸಣ್ಣ ಕಾರು ಕೊಂಡೆ. ನನಗಿಂತ ಮೊದಲು ಅದಕ್ಕೆ ಎಷ್ಟು ಜನ ಮಾಲೀಕರಿದ್ದರೋ ಗೊತ್ತಿಲ್ಲ. ಎಲ್ಲರೂ ಅದನ್ನು ಬಹಳ ಸಂತೋಷದಿಂದ ಬಿಟ್ಟುಕೊಟ್ಟಿದ್ದರಂತೆ.

ಆ ಕಾರಿಗೆ ಹಾಡಿನ ಪೆಟ್ಟಿಗೆ ಕೂಡಿಸಬೇಕೆಂಬ ಯೋಚನೆ ಬಂದದ್ದು ಮಗಳ ಸಲುವಾಗಿ. ನಮ್ಮ ಒಬ್ಬಳೇ ಮಗಳು ವಿದ್ಯಾಳನ್ನು ಟಿಕೋಟಾದ ಆಚೆ ಕಳ್ಳಕವಟಗಿಯ ದ್ರಾಕ್ಷಿ ತೋಟದ ಮನೆತನಕ್ಕೆ ಕೊಟ್ಟಿದ್ದೇವೆ. ಅವಳು ಚೊಚ್ಚಲ ಬಸುರಿ. ಸೋಮವಾರ ಅವಳ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ನಾವು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಎಲ್ಲ ಒಯ್ದು ಕುಬಸ ಮಾಡಿ, ಅಂದೇ ಅವಳನ್ನು ಹೆರಿಗೆಗೆಂದು ತವರಿಗೆ ಕರೆದುಕೊಂಡು ಬರಬೇಕು. ನನ್ನ ಹೆಂಡತಿ ಕಸ್ತೂರಿ ಆಗಲೇ ಒಳಕೋಣೆಗೆ ಸುಣ್ಣ ಬಳಿಸಿ, ಹೊಸ ಗಾದಿ ಹಾಕಿಸಿ, ದಿನಕ್ಕೆರಡು ಸಲ ಅದರ ಮೇಲಿನ ಚಾದರವನ್ನು ಸರಿಮಾಡುತ್ತಿದ್ದಳು.

ಆದರೆ ನಡುವೆ ನಮ್ಮ ಬೀಗತಿ ನೀಲವ್ವನವರು ಇದ್ದರು. ಸೊಸೆಯ ಮೇಲೆ ಅವರಿಗೆ ಜೀವ. ಕಳಿಸಲು ಮನಸ್ಸಿಲ್ಲ. "ಇಲ್ಲೇ ಇರಲಿ ಬಿಡ್ರಿ ಬೀಗರ, ನಮ್ಮ ಮನ್ಯಾಗ ಏನ್ ಕಡಿಮಿ ಐತಿ?" ಎಂದು ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದರು. ಬಾಯಿಬಿಟ್ಟು ಬೇಡ ಎನ್ನಲು ಬರುವುದಿಲ್ಲ, ಸಂಪ್ರದಾಯ. ಹಾಗಾಗಿ ಅವರು ಒಂದು ಅಪಶಕುನಕ್ಕಾಗಿ ಕಾಯುತ್ತಿದ್ದರು. ಹಲ್ಲಿ ಲೊಚಗುಟ್ಟಿದರೂ ಬಸ್ಸಿನಿಂದ ಇಳಿದು ಮನೆಗೆ ಹೋಗುವ ಹೆಂಗಸು ಅವರು. ಅಂಥವರ ಮುಂದೆ ನಮ್ಮ ಕಡೆಯಿಂದ ಒಂದು ಸೀನು ಬಿದ್ದರೂ ಮಗಳು ಅಲ್ಲಿ, ಗಾದಿ ಇಲ್ಲಿ.

ಹೊರಡುವಾಗ ಗಾಡಿಯಲ್ಲಿ ಮಂಗಳಕರವಾದ ಹಾಡು ಹಚ್ಚಿಬಿಟ್ಟರೆ ಶಕುನವೂ ಆಯಿತು, ಮಗಳಿಗೆ ದಾರಿ ಸಾಗಿದ್ದೂ ಗೊತ್ತಾಗುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಕಾರು ಸಿಂಗಾರದ ಸಾಮಾನು ಮಾರುವ ಸಲೀಮನ ಅಂಗಡಿಗೆ ಹೋಗಿ ಒಂದು ಪ್ಲೇಯರ್, ಒಂದು ಆಂಪ್ಲಿಫೈಯರ್, ಮತ್ತು ನಮ್ಮ ಮನೆಯ ಜೋಳದ ಡಬ್ಬಿಯಷ್ಟು ದೊಡ್ಡದಾದ ಸ್ಪೀಕರ್ ಪೆಟ್ಟಿಗೆ ತಂದೆ.

"ಕಾಕಾ, ಬಬಲೇಶ್ವರದಾಗ ನನ್ನ ಹೆಂಡತಿ ತಂಗಿ ಲಗ್ನ ಐತಿ. ಮುಗಿಸಿಕೊಂಡು ಬಂದು ನಾನ ಎಲ್ಲಾ ಕೂಡಿಸಿ ಕೊಡ್ತೀನಿ. ಅಲ್ಲೀತನಕ ನೀವು ಕೈ ಹಚ್ಚಬ್ಯಾಡ್ರಿ," ಎಂದ ಸಲೀಮ.

ಕೈ ಹಚ್ಚಬೇಡ ಎಂದರೆ ನನ್ನ ಕೈ ತುರಿಸುತ್ತದೆ. ಅದರಲ್ಲೂ ಅವನು ಬರುವುದು ಮಂಗಳವಾರ, ಕುಬಸ ಸೋಮವಾರ! ಮೊಬೈಲಿನಲ್ಲಿ ಯಾವನೋ ಪುಣ್ಯಾತ್ಮ ಎಲ್ಲವನ್ನೂ ತೋರಿಸಿಕೊಟ್ಟಿದ್ದ. ಕೆಂಪು ವೈರು ಬ್ಯಾಟರಿಗೆ, ಕಪ್ಪು ವೈರು ಗಾಡಿಯ ಮೈಗೆ. ಇಷ್ಟೇ! ಕಪ್ಪು ವೈರು ಹಾಕುವಲ್ಲಿ ಬಣ್ಣವನ್ನು ಕೆರೆದು ತೆಗೆಯಿರಿ ಎಂದೂ ಅವನು ಹೇಳಿದ. ಇದನ್ನು ನಾನು ಒಪ್ಪಲಿಲ್ಲ. ಕೈಯಾರೆ ದುಡಿದು ಕೊಂಡ ಗಾಡಿಯ ಬಣ್ಣ ಕೆರೆಯಲು ನನಗೇನು ತಲೆ ಕೆಟ್ಟಿದೆಯೇ? ಸ್ಪೀಕರ್ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ, ಆಂಪ್ಲಿಫೈಯರನ್ನು ಹಿಂದಿನ ಸೀಟಿನ ಕೆಳಗೆ ಇಟ್ಟು, ಅಲ್ಲೇ ಬಣ್ಣ ಅತ್ಯಂತ ಹೊಳಪಾಗಿದ್ದ ಒಂದು ಬೋಲ್ಟು ಹುಡುಕಿ, ಅದಕ್ಕೆ ಕಪ್ಪು ವೈರು ಸುತ್ತಿದೆ. ನೋಡಲು ಬಹಳ ಚೆಂದ ಕಂಡಿತು.

ಉದ್ಘಾಟನೆಗೆ ಕಸ್ತೂರಿ ಅರಿಶಿನ ಕುಂಕುಮ ಹಿಡಿದು ಬಂದಳು. ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕುಳಿತಳು. ನಾನು ಹಾಡು ಹಾಕಿದೆ. ಆಹಾ! ತಬಲಾದ ಒಂದೊಂದು ಪೆಟ್ಟೂ ಎದೆಗೆ ತಾಗಿತು. ಕಸ್ತೂರಿ ನನ್ನನ್ನು ನೋಡಿದ ನೋಟದಲ್ಲಿ, ಮದುವೆಯಾದ ಮೇಲೆ ಮೊದಲ ಬಾರಿಗೆ, ಗೌರವ ಇತ್ತು.

"ಒಂದು ಸುತ್ತು ಹೋಗಿ ಬರೋಣು?" ಎಂದು ಎಂಜಿನ್ ಚಾಲೂ ಮಾಡಿದೆ.

"ಊಂ..." ಎಂದಿತು.

ಆಕ್ಸಿಲರೇಟರ್ ಒತ್ತಿದೆ. "ಊಂಊಂ... ಊಂಊಂಈಈಈ..." ಎಂದು ಏರಿತು. ಕಾಲು ತೆಗೆದೆ. ಬಿಕ್ಕುತ್ತ ಬಿಕ್ಕುತ್ತ ಕೆಳಗಿಳಿಯಿತು.

"ರೀ, ಯಾರೋ ಹೆಣ್ಮಗಳು ಅಳಾಕತ್ತಾಳ," ಎಂದಳು ಕಸ್ತೂರಿ.

"ಹೊರಗ ಯಾರರ ಇರಬೇಕು."

"ಹೊರಗ ಅಲ್ರೀ. ನನ್ನ ಬೆನ್ನ ಹಿಂದ!"

ಹಾಡು ಬಂದ್ ಮಾಡಿದೆ. ಹಾಡು ನಿಂತಿತು, ಅಳು ನಿಲ್ಲಲಿಲ್ಲ! ಹಾಡಿನ ಮರೆಯಲ್ಲಿ ಮೆಲ್ಲಗೆ ಅಳುತ್ತಿದ್ದವಳು ಈಗ ಯಾರ ಹಂಗೂ ಇಲ್ಲದೆ ಬಾಯಿಬಿಟ್ಟು ಅಳತೊಡಗಿದಳು. ಕುತ್ತಿಗೆಯ ಹಿಂದಿನ ಕೂದಲು ನಿಂತವು. ತಲೆಯ ಮೇಲೆ ನಿಲ್ಲಲು ಕೂದಲು ಉಳಿದಿಲ್ಲ. ಆ ಕ್ಷಣದಲ್ಲಿ ನಾನು ಬಹಳ ಧೈರ್ಯ ಮಾಡಿ ಬಾಗಿಲು ತೆಗೆದು ಹೊರಗೆ ಹಾರಿದೆ. ಕಸ್ತೂರಿ ಒಳಗೇ ಇದ್ದಳು. ಇದನ್ನು ಅವಳು ಇವತ್ತಿಗೂ ಮರೆತಿಲ್ಲ.

ಸಲೀಮನಿಗೆ ಫೋನು ಹಚ್ಚಿದೆ. ಆ ಕಡೆ ಲಗ್ನದ ಬ್ಯಾಂಡು ಕಿವಿ ಹರಿಯುತ್ತಿತ್ತು.

"ಸಲೀಮಾ, ಪೆಟಗಿ ಅಳಾಕತ್ತೈತೋ!"

"ಏನ್ರಿ ಕಾಕಾ?"

"ಅಳಾಕತ್ತೈತಿ! ಎಂಜಿನ್ ಚಾಲೂ ಮಾಡಿದ್ರ ಹೆಣ್ಮಗಳ ಗತೆ ಅಳತೈತಿ!"

"ಹಾಂ ಹಾಂ, ತಿಳೀತ್ರಿ. ಅದು ಹಿಡ್ಕೊಂಡೈತಿ."

"ಏನ್ ಹಿಡ್ಕೊಂಡೈತಿ?"

ಡಂ ಡಂ ಡಂ ಎಂದಿತು ಬ್ಯಾಂಡು. ನಡುನಡುವೆ ಸಲೀಮನ ದನಿ ತುಂಡುತುಂಡಾಗಿ ಬಂತು. "ಜಾಗಾ ಸರಿ ಇಲ್ರಿ... ನೀವು ಹಚ್ಚಿದ ಜಾಗಾ ಸರಿ ಇಲ್ಲ... ಬ್ಯಾರೆ ಕಡೆ ಹಚ್ಚಿ ನೋಡ್ರಿ, ತಾನ ಬಿಡತೈತಿ... ಇಂಥಾವು ಭಾಳ ನೋಡೇನ್ರಿ ನಾ. ಅಂಜಬ್ಯಾಡ್ರಿ!"

ಫೋನು ಕಟ್ಟಾಯಿತು. ಅಂಜಬೇಡಿ ಎಂದು ಯಾರಾದರೂ ಹೇಳಿದರೆ ಅಂಜುವ ಕಾರಣ ಇದೆ ಎಂದೇ ಅರ್ಥ. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ನಮ್ಮ ಮನೆಯ ಬದಿಗೇ, ಓಣಿಯ ತುದಿಯಲ್ಲಿ ಒಂದು ಹುಣಸೆ ಮರ. ಅದರ ಬುಡದಲ್ಲಿ ಯಾವ ಕಾಲದ್ದೋ, ಯಾರದೋ ಒಂದು ಒಡೆದ ಗೋರಿ. ವಿಜಯಪುರದಲ್ಲಿ ಗೋರಿಗೆ ಬರವಿಲ್ಲ. ಯಾವ ಗೋಡೆಗೆ ಒರಗಿದರೂ ಅದರ ಆಚೆ ಯಾರೋ ಮಲಗಿರುತ್ತಾರೆ. ಆ ನೆರಳಿನಲ್ಲೇ ನಾನು ದಿನಾ ಗಾಡಿ ಹಚ್ಚುತ್ತಿದ್ದೆ. ನಮ್ಮ ಕಡೆ ಗಾಡಿಯನ್ನು ನಿಲ್ಲಿಸುವುದಿಲ್ಲ, ಹಚ್ಚುತ್ತೇವೆ. ಎಲ್ಲವೂ ಸ್ಪಷ್ಟವಾಯಿತು. ನಾನು ಹಚ್ಚಿದ ಜಾಗ ಸರಿ ಇಲ್ಲ. ಯಾರೋ ಹಿಡಿದುಕೊಂಡಿದ್ದಾರೆ. ಬೇರೆ ಕಡೆ ಹಚ್ಚಿದರೆ ತಾನೇ ಬಿಟ್ಟು ಹೋಗುತ್ತಾರೆ!

ಮರುದಿನ ಬೆಳಗ್ಗೆ ಗಾಡಿಯನ್ನು ಅಲ್ಲಿಂದ ದಬ್ಬಲು ಶುರುಮಾಡಿದೆ. ಎಂಜಿನ್ ಚಾಲೂ ಮಾಡುವ ಧೈರ್ಯ ಇರಲಿಲ್ಲ. ಎದುರುಮನೆಯ ಹುಸೇನಸಾಬ ಚಾಚಾ ಹಲ್ಲುಜ್ಜುತ್ತ ನೋಡಿದರು.

"ಏನಾತೋ ಶಂಕ್ರೆಪ್ಪಾ, ಬ್ಯಾಟರಿ ಹೋತೇನು?"

"ಬ್ಯಾಟರಿ ಅಲ್ಲ ಚಾಚಾ. ಈ ಗೋರಿಯಾಗಿನವರು ನನ್ನ ಗಾಡಿ ಹತ್ತಿ ಕುಂತಾರ."

ಚಾಚಾ ಬಾಯಿ ಮುಕ್ಕಳಿಸಿ ಉಗುಳಿದರು. "ಅವರು ನಮ್ಮ ಅಜ್ಜ ಹುಟ್ಟೂಕಿಂತ ಮೊದಲಿಂದ ಸುಮ್ಮನ ಮಲಗ್ಯಾರೋ. ಇಷ್ಟ ವರ್ಷ ಎದ್ದಿಲ್ಲ, ಈಗ ನಿನ್ನ ಡಕೋಟಾ ಗಾಡಿ ಹತ್ತಾಕ ಏಳ್ತಾರ? ಹತ್ತೂವರು ಚಲೋ ಗಾಡಿ ನೋಡಿ ಹತ್ತತಿದ್ರು!"

ಈ ಮಾತಿನಿಂದ ಧೈರ್ಯ ಬರಬೇಕಿತ್ತು. ಬರಲಿಲ್ಲ. ಗಾಡಿಗೆ ಅವಮಾನವಾದದ್ದು ಬೇರೆ!

ಮೊದಲು ಹನುಮಪ್ಪನ ಗುಡಿಯ ಮುಂದೆ ಹಚ್ಚಿದೆ. ಕಣ್ಣು ಮುಚ್ಚಿ ಕೀಲಿ ತಿರುವಿದೆ. "ಊಂ..." ಅಲ್ಲಿಂದ ದವಾಖಾನೆಯ ಮುಂದೆ ಹಚ್ಚಿದೆ. ಒಳಗೆ ಹೊರಟಿದ್ದ ಒಬ್ಬ ರೋಗಿ ಅಳು ಕೇಳಿ ತಿರುಗಿ ಮನೆಗೆ ಹೋದ. ಕೊನೆಗೆ, ಸತ್ತವರಿಗೂ ಪೊಲೀಸರ ಭಯ ಇದ್ದೀತು ಎಂದುಕೊಂಡು, ಠಾಣೆಯ ಮುಂದೆ ಹಚ್ಚಿದೆ. ಅಳು ಇನ್ನೂ ಜೋರಾಯಿತು! ಒಬ್ಬ ಪೊಲೀಸಪ್ಪ ಓಡಿಬಂದು ಹಿಂದಿನ ಡಿಕ್ಕಿ ತೆಗೆಸಿ, ಒಳಗೆ ಯಾರನ್ನೂ ಕಟ್ಟಿ ಹಾಕಿಲ್ಲವೆಂದು ಖಾತ್ರಿ ಮಾಡಿಕೊಂಡು, "ಮೊದಲ ಇದನ್ನ ಇಲ್ಲಿಂದ ತಗೀರಿ" ಎಂದ.

ಇನ್ನು ಉಳಿದದ್ದು ದೃಷ್ಟಿ ತೆಗೆಯುವುದು. ಕಸ್ತೂರಿ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟಳು. ತೆಂಗಿನಕಾಯಿ ಒಡೆಯುವ ಕೆಲಸ ನನ್ನದು. ಎಲ್ಲರೂ ಗಾಡಿಯ ಮುಂದೆ ಒಡೆಯುತ್ತಾರೆ. ಆದರೆ ನಮ್ಮ ತೊಂದರೆ ಇರುವುದು ಗಾಡಿಯ ಒಳಗೆ! ಆದ್ದರಿಂದ ನಾನು ಶಾಸ್ತ್ರವನ್ನು ಸ್ವಲ್ಪ ತಿದ್ದಿ, ಹಿಂದಿನ ಬಾಗಿಲು ತೆಗೆದು, ಒಳಗೇ ಒಂದು ಕಲ್ಲಿಟ್ಟು ಒಡೆದೆ. ಕಾಯಿ ಒಳ್ಳೆಯದಿತ್ತು. ನೀರು ಧಾರಾಳವಾಗಿತ್ತು. ಅಷ್ಟೂ ನೀರು ಸೀಟಿನ ಕೆಳಗಿದ್ದ ಆಂಪ್ಲಿಫೈಯರಿಗೆ ಅಭಿಷೇಕವಾಯಿತು.

ಆಮೇಲೆ ಕೀಲಿ ತಿರುವಿದರೆ, "ಊಂಊಂ... ಪಟ್... ಊಂಈಈ... ಪಟ್ ಪಟ್ ಪಟಾರ್!"

ಕಸ್ತೂರಿ ಹಿಂದೆ ಸರಿದಳು. "ಮೊದಲ ಬರೇ ಅಳತಿದ್ಲು. ಈಗ ಹಲ್ಲೂ ಕಡಿಯಾಕತ್ತಾಳ್ರೀ!"

"ಹಂಗಾರ ಬಿಚ್ಚಿ ಒಗದ ಬಿಡ್ರಿ" ಎಂದೂ ಅವಳು ಹೇಳಿದಳು. ಬಿಚ್ಚಲು ಪೆಟ್ಟಿಗೆಯನ್ನು ಮುಟ್ಟಬೇಕಲ್ಲ? ಹಲ್ಲು ಕಡಿಯುತ್ತಿರುವವರನ್ನು ನಾನಂತೂ ಮುಟ್ಟುವುದಿಲ್ಲ. ಬಾಡಿಗೆ ಗಾಡಿ ಕೇಳೋಣವೆಂದರೆ ಸೋಮವಾರ ಎಲ್ಲೆಲ್ಲೂ ಲಗ್ನ, ಊರಲ್ಲಿ ಒಂದು ಗಾಡಿ ಸಿಗಲಿಲ್ಲ. ಮಗಳು ಬರಬೇಕು. ನಾವು ಹೋಗಲೇಬೇಕು. ದೇವರ ಮೇಲೆ ಭಾರ ಹಾಕಿ, ಬುತ್ತಿಯ ಬುಟ್ಟಿಗಳನ್ನು ಹಿಂದಿನ ಸೀಟಿಗೆ ಹೇರಿ ಹೊರಟೆವು. ಕಸ್ತೂರಿ ಈ ಸಲ ಮುಂದೆ ಕುಳಿತಳು, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು. ನನಗಿಂತ ಮೊದಲು ಹಾರುವ ನಿರ್ಧಾರ ಅವಳ ಮುಖದಲ್ಲಿ ಕಾಣುತ್ತಿತ್ತು.

ಒಂದು ಉಪಾಯ ಮಾತ್ರ ಕೆಲಸ ಮಾಡಿತು. ಹಾಡನ್ನು ಕಿವಿ ಗಡಚಿಕ್ಕುವಷ್ಟು ಜೋರಾಗಿ ಹಾಕಿದರೆ ಅಳು ಅದರೊಳಗೆ ಮುಳುಗುತ್ತಿತ್ತು. ಆದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಬಿಡುವು ಇರುತ್ತದಲ್ಲ? ಜಗತ್ತಿನ ಎಲ್ಲ ಭಯ ಆ ಬಿಡುವಿನಲ್ಲಿ ತುಂಬಿಕೊಂಡಿದೆ ಎಂದು ನನಗೆ ಅವತ್ತು ತಿಳಿಯಿತು. ಹಾಡು ಮುಗಿಯುತ್ತ ಬಂದಂತೆ ನಾವಿಬ್ಬರೂ ಉಸಿರು ಹಿಡಿಯುತ್ತಿದ್ದೆವು. "ಊಂಊಂಈಈ... ಪಟ್!" ಕೂಡಲೇ ಇಬ್ಬರೂ ಒಟ್ಟಿಗೆ "ಓಂ ನಮಃ ಶಿವಾಯ!" ಎಂದು ಕೂಗುತ್ತಿದ್ದೆವು. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ತಲೆಯೆತ್ತಿ ಕೈ ಮುಗಿದರು.

ಟಿಕೋಟಾದಲ್ಲಿ ಚಹಾದ ಅಂಗಡಿಯ ಮುಂದೆ ನಿಂತೆವು. ಬಂದ್ ಮಾಡಿದರೆ ಮತ್ತೆ ಚಾಲೂ ಮಾಡುವ ಧೈರ್ಯ ಬರಲಿಕ್ಕಿಲ್ಲ ಎಂದು ಎಂಜಿನ್ ಹಾಗೇ ಬಿಟ್ಟು ಇಳಿದೆವು. ಚಹಾದವನು ನಮ್ಮಿಬ್ಬರ ಕೈಗೆ ಎರಡು ಕಪ್ಪು ಕೊಟ್ಟು, ಗಾಡಿಯ ಕಡೆ ನೋಡಿ ದನಿ ತಗ್ಗಿಸಿ ಕೇಳಿದ, "ಒಳಗ ಅಳಾಕತ್ತಾರಲ್ರಿ ಅಕ್ಕಾರು, ಅವರಿಗೂ ಒಂದು ಚಾ ಕೊಡ್ಲಿ?"

ನನ್ನ ಕೈಯ ಕಪ್ಪು ನೆಲಕ್ಕೆ ಬಿತ್ತು. ಅಲ್ಲಿಯವರೆಗೆ, ಇದೆಲ್ಲ ನಮ್ಮಿಬ್ಬರ ಕಿವಿಯ ಭ್ರಮೆ ಇರಬಹುದೆಂಬ ಒಂದು ಆಸೆ ಉಳಿದಿತ್ತು. ಅದನ್ನೂ ಅವನು ಕಸಿದುಕೊಂಡ.

ಕಳ್ಳಕವಟಗಿ ಕಂಡ ಕೂಡಲೇ ಎಂಜಿನ್ ಬಂದ್ ಮಾಡಿ, ಇಬ್ಬರೂ ಇಳಿದು ಗಾಡಿ ದಬ್ಬಿದೆವು. ಕಸ್ತೂರಿ ಇಳಕಲ್ ಸೀರೆಯ ಸೆರಗು ಕಟ್ಟಿ ದಬ್ಬಿದಳು. ನೀಲವ್ವನವರು ಬಾಗಿಲಲ್ಲೇ ನಿಂತಿದ್ದರು.

"ಅಯ್ಯ, ಯಾಕ್ರಿ ಬೀಗರ, ದಬ್ಬಿಕೋತ ಬಂದೀರಿ?"

"ಮಗಳು ಬಾಳುವಿ ಮಾಡೋ ಊರ್ರಿ ಅಕ್ಕಾರ. ಗದ್ದಲ ಮಾಡಿಕೋತ ಬರಬಾರದಂತ..." ಎಂದೆ, ಮುಖದ ಬೆವರು ಒರೆಸಿಕೊಳ್ಳುತ್ತ.

ನೀಲವ್ವನವರ ಕಣ್ಣು ತುಂಬಿ ಬಂತು. "ಎಂಥಾ ಸಂಸ್ಕಾರವಂತರು!" ಎಂದು ಓಣಿಯ ಹೆಂಗಸರಿಗೆಲ್ಲ ಹೇಳಿದರು.

ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕುಳಿತ ವಿದ್ಯಾಳನ್ನು ನೋಡಿದೆ. ಅಂಗಡಿಯ ಪೀಪಿಗಳನ್ನೆಲ್ಲ ಎಂಜಲು ಮಾಡಿ ಇಡುತ್ತಿದ್ದ ಹುಡುಗಿ ಇವಳೇನಾ ಎನಿಸಿತು. ಆರತಿಯ ಗದ್ದಲದಲ್ಲಿ ಅವಳು ನನ್ನನ್ನು ಹತ್ತಿರ ಕರೆದಳು.

"ಅಪ್ಪಾ, ಇವತ್ತ ಕರಕೊಂಡು ಹೋಗ್ತೀರಿಲ್ಲೋ? ಅತ್ತಿ ಒಳ್ಳೆಯವ್ರು, ಆದ್ರ ನನಗ ಅವ್ವನ ಬಾಜು ಮಲಗಬೇಕನಸೈತಿ. ಅಂಜಿಕಿ ಬರತೈತಿ ಅಪ್ಪಾ."

"ನಾ ಅದೀನಲ್ಲವಾ, ಯಾಕ ಅಂಜತಿ?" ಎಂದೆ. ಅಂಜಿಕೆಯಲ್ಲಿ ಆ ಮನೆಯಲ್ಲೆಲ್ಲ ಮೊದಲ ನಂಬರು ನನ್ನದೇ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಹೊರಡುವ ಹೊತ್ತಾಯಿತು. ಎಂಜಿನ್ ಚಾಲೂ ಮಾಡದೆ ಹಾಡು ಹಾಕಿದೆ. ಗಾಡಿ ದೇವಲೋಕದ ಗಂಧರ್ವರಂತೆ ಹಾಡಿತು. ನೀಲವ್ವನವರು ತಲೆದೂಗಿದರು. ಅವರ ಮುಖದಲ್ಲಿ ಅಪಶಕುನ ಹುಡುಕುವ ಗಂಟು ಬಿಚ್ಚಿತ್ತು. ಇನ್ನೇನು ಗೆದ್ದೆ! ಊರ ಹೊರಗಿನ ಇಳಿಜಾರಿನವರೆಗೆ ದಬ್ಬಿಸಿಕೊಂಡು ಹೋದರೆ ಮುಗಿಯಿತು.

"ಎಷ್ಟ ಚಂದ ಹಾಡತೈತ್ರಿ ನಿಮ್ಮ ಗಾಡಿ!" ಎಂದರು ನೀಲವ್ವನವರು. "ನಾನೂ ಬರ್ತೇನಿ. ಟಿಕೋಟಾದಾಗ ನಮ್ಮ ಅಕ್ಕನ ಮನಿ ಐತಿ, ಅಲ್ಲೀತನಕ ಸೊಸಿ ಜೋಡಿ ಕುಂತು ಹಾಡು ಕೇಳ್ಕೋತ ಬರ್ತೇನಿ. ಬಸವರಾಜಾ, ನೀ ಬೈಕ್ ತಗೊಂಡು ಹಿಂದ ಬಾ, ನನ್ನ ವಾಪಸ್ ಕರಕೊಂಡು ಬರೂವಂತಿ."

ಬಸವರಾಜ ನನ್ನ ಅಳಿಯ. ಅವನು ತಲೆಯಾಡಿಸಿ ಬೈಕಿನ ಕೀಲಿ ತರಲು ಹೋದ. ನೀಲವ್ವನವರು ವಿದ್ಯಾಳ ಪಕ್ಕದಲ್ಲಿ, ಸರಿಯಾಗಿ ಸ್ಪೀಕರ್ ಪೆಟ್ಟಿಗೆಗೆ ಬೆನ್ನು ಕೊಟ್ಟು ಕುಳಿತರು. ನಾನು ಕಸ್ತೂರಿಯ ಮುಖ ನೋಡಿದೆ. ಕಸ್ತೂರಿ ಬಾಗಿಲಿನ ಹಿಡಿಯನ್ನು ನೋಡಿದಳು.

ಹಾಡಿನ ದನಿ ಪೂರಾ ಏರಿಸಿ ಎಂಜಿನ್ ಚಾಲೂ ಮಾಡಿದೆ. ಹಾಡು ನಡೆದಿರುವವರೆಗೆ ಬದುಕಿದ್ದೆ. ಹಾಡು ಮುಗಿಯುತ್ತ ಬಂದಂತೆ ನಾನೇ ಹಾಡತೊಡಗಿದೆ. ಕಸ್ತೂರಿಯೂ ಸೋಬಾನೆ ಶುರುಮಾಡಿದಳು. ನನ್ನ ಹಾಡು ಒಂದು ಕಡೆ, ಅವಳ ಸೋಬಾನೆ ಇನ್ನೊಂದು ಕಡೆ, ನಡುವೆ ಆ ಹೆಣ್ಣುಮಗಳ ಅಳು! ನೀಲವ್ವನವರು ಕೈಯೆತ್ತಿದರು.

"ತಡೀರಿ, ಇಬ್ಬರೂ ಸುಮ್ಮಕಾಗ್ರಿ. ಯಾರೋ ಅಳಾಕತ್ತಾರ."

"ಗಾಳಿ ಅಕ್ಕಾರ!"

"ಗಾಳಿ ಬಿಕ್ಕತೈತೇನ್ರಿ?"

"ಪಟಾರ್!" ಎಂದಿತು ಪೆಟ್ಟಿಗೆ. ನೀಲವ್ವನವರು ಚೀರಿ ವಿದ್ಯಾಳನ್ನು ತಬ್ಬಿಕೊಂಡರು. ನಾನು ಗಾಡಿಯನ್ನು ರಸ್ತೆಯ ಬದಿಗೆ ತಂದೆ. ಅಂಜಿದ ಮನುಷ್ಯ ಎರಡು ತಪ್ಪು ಮಾಡುತ್ತಾನೆ. ಒಂದು, ಸುಳ್ಳು ಹೇಳುವುದು. ಇನ್ನೊಂದು, ನಿಜ ಹೇಳುವುದು. ನಾನು ಮೊದಲನೆಯದನ್ನು ಆಗಲೇ ಮುಗಿಸಿದ್ದೆ.

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ. ಗಾಡಿದೇನೂ ತಪ್ಪಿಲ್ಲ. ಗಾಡಿ ಹಚ್ಚೋ ಜಾಗಾ ಸರಿ ಇಲ್ಲಂತ. ಅಲ್ಲಿ ಹಿಡ್ಕೊಂಡೈತಿ. ಬಲ್ಲವರು ಹೇಳ್ಯಾರ."

"ಎಲ್ಲಿ ಹಚ್ಚತೀರಿ ಗಾಡಿ?"

"ಎಲ್ಲಿ ಅಂದ್ರ... ನಮ್ಮ ಮನಿ ಬಾಜುಕ."

ಹೇಳಿದ ಮೇಲೆ ನನಗೆ ನನ್ನ ಮಾತು ಕೇಳಿಸಿತು. ನೀಲವ್ವನವರು ಬೆನ್ನು ನೆಟ್ಟಗೆ ಮಾಡಿ ಕುಳಿತರು.

"ಅಂದ್ರ, ನಿಮ್ಮ ಮನಿ ಜಾಗಾನ ಸರಿ ಇಲ್ಲ! ಅಂಥಾಲ್ಲಿ ಬಸುರಿ ಹೆಂಗಸನ್ನ ಮಲಗಸ್ತೀರಿ? ಕೂಸು ಬಾಣಂತಿ ಅಲ್ಲಿ ಇರಬೇಕು? ಗಾಡಿ ತಿರುಗಸ್ರಿ ಬೀಗರ. ನನ್ನ ಸೊಸಿ ಎಲ್ಲೂ ಬರೂದಿಲ್ಲ."

ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕನ್ನಡಿಯಲ್ಲಿ ವಿದ್ಯಾಳ ಮುಖ ಕಂಡಿತು. ಅವಳು ತಲೆ ತಗ್ಗಿಸಿದಳು. ದೆವ್ವಕ್ಕೆ ಅಂಜಿದ್ದು ಏನೂ ಅಲ್ಲ. ಮಗಳನ್ನು ನನ್ನ ಬಾಯಿಂದಲೇ ಕಳೆದುಕೊಂಡೆನಲ್ಲ, ನಿಜವಾದ ಅಂಜಿಕೆ ಅದು.

ಅದೇ ಹೊತ್ತಿಗೆ ಬಸವರಾಜ ಬೈಕು ನಿಲ್ಲಿಸಿ ಕಿಟಕಿಗೆ ಬಗ್ಗಿದ. ಅದೇ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಆ ಫೋನು ಪ್ಲೇಯರಿಗೆ ಕೂಡಿತ್ತು. ಗಾಬರಿಯಲ್ಲಿ ಯಾವುದನ್ನು ಒತ್ತಿದೆನೋ, ಹಿಂದಿನ ಪೆಟ್ಟಿಗೆಯಿಂದ ಒಂದು ಗಂಡು ದನಿ ಗುಡುಗಿತು.

"ಜಾಗಾ ಬದ್ಲಿ ಮಾಡಿ ಹಚ್ಚಿದ್ರೇನ್ರಿ?"

"ಯವ್ವಾ! ಮಾತಾಡಾಕತ್ತೈತಿ!" ಎಂದು ನೀಲವ್ವನವರು ಎರಡೂ ಕೈ ಮುಗಿದರು.

"ಹಲೋ ಕಾಕಾ, ನಾ ಸಲೀಮ. ಲಗ್ನದ ಗದ್ದಲದಾಗ ಸರಿ ಕೇಳಲಿಲ್ಲ ಅವತ್ತ. ಹಚ್ಚಿ ನೋಡಿದ್ರಿ?"

"ಎಲ್ಲಾ ಕಡೆ ಹಚ್ಚಿ ನೋಡಿದ್ನೋ ಸಲೀಮಾ!" ಎಂದೆ, ಅಳುವ ದನಿಯಲ್ಲಿ. "ಗುಡಿ ಮುಂದ ಹಚ್ಚಿದೆ. ದವಾಖಾನಿ ಮುಂದ ಹಚ್ಚಿದೆ. ಪೊಲೀಸ್ ಠಾಣೆ ಮುಂದನೂ ಹಚ್ಚಿದೆ. ಬಿಡವಲ್ದು!"

ಪೆಟ್ಟಿಗೆಯೊಳಗೆ ಸಲೀಮ ಕೆಮ್ಮಿದ.

"ಕಾಕಾ... ಕಪ್ಪು ವೈರ್ ಪೊಲೀಸ್ ಠಾಣೆ ಮುಂದ ಹ್ಯಾಂಗ ಹಚ್ಚಿದ್ರಿ?"

"ವೈರ್?"

"ವೈರ್ ರೀ! ಕಪ್ಪು ವೈರ್ ಹಚ್ಚಿದ ಜಾಗಾ ಸರಿ ಇಲ್ಲಂದೆ. ಬಣ್ಣದ ಮ್ಯಾಲ ಹಚ್ಚಿರಬೇಕು ನೀವು. ಅದಕ್ಕ ಎಂಜಿನ್ ಆವಾಜ್ ಹಿಡ್ಕೊಂಡು ಊಂ ಅಂತೈತಿ. ಬ್ಯಾರೆ ಕಡೆ, ಬಣ್ಣಾ ಕೆರೆದು ಹಚ್ಚರಿ, ಬಿಡತೈತಿ. ಇಷ್ಟ ಹೇಳಿದ್ನೆಲ್ರಿ!"

ನಮ್ಮ ಕಡೆಯವರಿಗೆ ಹಚ್ಚು ಎಂಬ ಒಂದು ಶಬ್ದ ಸಾಕು. ದೀಪ ಹಚ್ಚುತ್ತೇವೆ, ಬಣ್ಣ ಹಚ್ಚುತ್ತೇವೆ, ಫೋನು ಹಚ್ಚುತ್ತೇವೆ, ವೈರು ಹಚ್ಚುತ್ತೇವೆ, ಗಾಡಿ ಹಚ್ಚುತ್ತೇವೆ. ಇಷ್ಟೆಲ್ಲ ಹಚ್ಚುವವರ ನಡುವೆ ಹುಟ್ಟಿ ಬೆಳೆದ ನಾನು, ಅವನು ಹಚ್ಚು ಎಂದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಚ್ಚಿದ್ದೆ.

ಮೊದಲು ನಕ್ಕವಳು ವಿದ್ಯಾ. ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು, ಹಸಿರು ಬಳೆ ಘಲ್ಲೆನ್ನುವಂತೆ ನಕ್ಕಳು. "ಭಾಳ ನಗಬ್ಯಾಡವಾ, ಕೂಸಿಗೆ ತ್ರಾಸ ಆಗತೈತಿ" 
ಎಂದು ಗದರಿದ ನೀಲವ್ವನವರೂ ನಗತೊಡಗಿದರು. ಕಸ್ತೂರಿ ಮಾತ್ರ ನಗಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು. ಅವಳ ಆ ನೋಟಕ್ಕಿಂತ ದೆವ್ವವೇ ಎಷ್ಟೋ ಮೇಲಿತ್ತು.

ಬಸವರಾಜ ಸೀಟಿನ ಕೆಳಗೆ ಕೈಹಾಕಿ ವೈರುಗಳನ್ನೆಲ್ಲ ಕಿತ್ತ. ಎಂಜಿನ್ ಏರಿಸಿದ, ಇಳಿಸಿದ. ಅಳು ಇಲ್ಲ, ಹಲ್ಲು ಕಡಿಯುವುದೂ ಇಲ್ಲ. "ಮಾವಾರ, ಕೆಳಗ ಕೊಬ್ಬರಿ ಚೂರು ಅದಾವಲ್ರಿ!" ಎಂದು ಒಂದು ಚೂರು ಎತ್ತಿ ತೋರಿಸಿದ. ನಾನು ದ್ರಾಕ್ಷಿ ತೋಟಗಳ ಕಡೆ ನೋಡಿದೆ.

"ನೋಡ್ರಿ ಅಕ್ಕಾರ," ಎಂದೆ, ಇದ್ದಬದ್ದ ಗಾಂಭೀರ್ಯ ತಂದುಕೊಂಡು, "ದೆವ್ವ ಇಲ್ಲಂತ ಖಾತ್ರಿ ಆತು. ಇನ್ನ ಅಂಜೂದೇನಿಲ್ಲ. ಕಳಸ್ರಿ ನನ್ನ ಮಗಳನ್ನ."

ನೀಲವ್ವನವರು ಕಣ್ಣೊರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕಳಸ್ತೇನಿ ಬೀಗರ. ಇಕಿ ಹಿಂಗ ನಕ್ಕಿದ್ದು ನೋಡಿ ಭಾಳ ದಿನಾ ಆಗಿತ್ತು, ಹೋಗಿ ಬರಲಿ ಹುಡುಗಿ. ಆದ್ರ ನನ್ನ ಅಂಜಿಕಿ ಹೋಗಿಲ್ಲ. ದೆವ್ವ ಇದ್ದಿದ್ರ ಯಾರರ ಹಿಡಿದು ಬಿಡಸಬಹುದಿತ್ತು. ನಿಮ್ಮನ್ನ ಹ್ಯಾಂಗ ಬಿಡಸೋದು?"

ಆಮೇಲೆ ಟಿಕೋಟಾದಲ್ಲಿ ಅವರ ಅಕ್ಕನ ಮನೆಯ ಮುಂದೆ ಎಲ್ಲ ತೀರ್ಮಾನ ಅವರೇ ಮಾಡಿದರು. ಬಸುರಿ ಕುಳಿತ ಗಾಡಿಯ ಸ್ಟೇರಿಂಗು ನನ್ನ ಕೈಯಲ್ಲಿ ಇರಕೂಡದು. ಬೈಕು ಅಕ್ಕನ ಮನೆಯಲ್ಲಿ ಇರಲಿ, ಬಸವರಾಜನೇ ಗಾಡಿ ಹೊಡೆಯಲಿ. ಬಾಣಂತಿ ಇರುವ ಕೋಣೆಯನ್ನು ತಾವೇ ಕಣ್ಣಾರೆ ನೋಡಬೇಕು, ಆದ್ದರಿಂದ ಮುಂದಿನ ಸೀಟು ಅವರಿಗೆ. ಹಿಂದೆ ವಿದ್ಯಾ ಕಾಲು ಚಾಚಿಕೊಂಡು ಕೂರಬೇಕು, ಪಕ್ಕದಲ್ಲಿ ಕಸ್ತೂರಿ. ಬೀಗರು ಕೊಟ್ಟ ತಿರುಗು ಬುತ್ತಿಯ ಬುಟ್ಟಿಗಳಿಗೆ ಡಿಕ್ಕಿ ಬೇಕು, ಆದ್ದರಿಂದ ಸ್ಪೀಕರ್ ಪೆಟ್ಟಿಗೆ ಇಳಿಯಬೇಕು. ಪೆಟ್ಟಿಗೆಯ ಜೊತೆ ನಾನೂ ಇಳಿದೆ.

"ಅಪ್ಪಾ, ನೀವು?" ಎಂದಳು ವಿದ್ಯಾ.

"ನಾ ಬಸ್ಸಿಗೆ ಬರ್ತೀನವಾ. ನೀ ಹೋಗು. ಗಾದಿ ಹಾಸಿಟ್ಟಾಳ ನಿಮ್ಮವ್ವ," ಎಂದೆ. ಗಾಡಿ ಹೊರಟಿತು. ಎಷ್ಟು ಮೆತ್ತಗೆ, ಎಷ್ಟು ಸುಮ್ಮನೆ ಹೊರಟಿತೆಂದರೆ, ಅದು ನನ್ನ ಗಾಡಿಯೇ ಎಂದು ಅನುಮಾನ ಬಂತು. ಮಗಳು ಕಿಟಕಿಯಿಂದ ಕೈ ಬೀಸುತ್ತ, ನಗುತ್ತ ಹೋದಳು. ಅಂಜಿಕೆ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಅದನ್ನು ನೋಡಿ ನನ್ನ ಎದೆ ಹಗುರಾಯಿತು.

ಪೆಟ್ಟಿಗೆ ಮಾತ್ರ ಹಗುರಾಗಲಿಲ್ಲ. ಅದನ್ನು ತಬ್ಬಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸು ತುಂಬಿತ್ತು. ಒಂದೇ ಒಂದು ಸೀಟು ಖಾಲಿ ಇತ್ತು, ಅದೂ ಕಿಟಕಿಯ ಬದಿಗೆ. ಹೇಗೋ ಜನರ ನಡುವೆ ತೂರಿಕೊಂಡು ಹೋಗಿ, ಉಸ್ಸೆಂದು ಕೂರಬೇಕೆನ್ನುವಷ್ಟರಲ್ಲಿ ಕಂಡಕ್ಟರ್ ಬಂದ.

"ಏನೈತ್ರಿ ಇದು? ಸ್ಪೀಕರ್? ನಾಜೂಕು ಸಾಮಾನು ರೀ, ಹಾದ್ಯಾಗ ಇಟ್ರ ಮಂದಿ ತುಳೀತಾರ," ಎಂದು ಪೆಟ್ಟಿಗೆಯನ್ನು ನನ್ನ ಕೈಯಿಂದ ಇಸಿದುಕೊಂಡು ಆ ಖಾಲಿ ಸೀಟಿನ ಮೇಲೆ ಜೋಪಾನವಾಗಿ ಕೂರಿಸಿದ. ಅದಕ್ಕೊಂದು ಟಿಕೆಟು ಹರಿದ. ಆಮೇಲೆ ನನಗೊಂದು ಹರಿದು, ಮೇಲಿನ ಕಂಬಿಯನ್ನು ತೋರಿಸಿದ.

"ನೀವು ನಿಂದರ್ರಿ. ನಿಮಗೇನೂ ಆಗೂದಿಲ್ಲ!"